ಕರೆಂಟಿಗೆ ಶ್ರುತಿ ಕೂಡಿಸುವ ಸುಮಯ್ಯ

ಕಿರಂಗೂರಿನ ಬೆಟ್ಟಮ್ಮನ ಗದ್ದೆಯ ಪಂಪ್‌ಸೆಟ್ ಮನೆಯೊಳಗೆ ಇನ್ನೂ ಮಬ್ಬುಗತ್ತಲೆ. ಸುಮಯ್ಯ ಸ್ಟಾರ್ಟರ್ ಪೆಟ್ಟಿಗೆಯ ಎದುರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ದುಪ್ಪಟ್ಟಾ ಸೊಂಟಕ್ಕೆ ಬಿಗಿದಿದೆ, ಕೈಯಲ್ಲೊಂದು ಟೆಸ್ಟರ್ ಇದೆ. ಅವರ ಹಿಂದೆ ಮೂವರು ವಾದ್ಯ ಹಿಡಿದು ಕಾಯುತ್ತಿದ್ದಾರೆ. ಪೆಟ್ಟಿಗೆಯ ಮೇಲಿನ ಮೂರು ದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿದೆ.

"ಬತ್ತದೆ, ತಡೀರಿ" ಎನ್ನುತ್ತಾರೆ ಸುಮಯ್ಯ.

ಉಳಿದೆರಡು ದೀಪಗಳೂ ಹತ್ತುತ್ತವೆ, ಮೂರು ಫೇಸ್ ಕರೆಂಟೂ ಬಂತೆಂದು ಅರ್ಥ. ಸುಮಯ್ಯ ಹಸಿರು ಗುಂಡಿ ಒತ್ತುತ್ತಾರೆ. ಮೋಟಾರು ಗುರುಗುಟ್ಟಿ ಎದ್ದು, ಹೊರಗಿನ ತೊಟ್ಟಿಗೆ ನೀರು ಧುಮುಕುತ್ತದೆ. ಅದೇ ಗಳಿಗೆಗೆ, ಯಾರೂ ತಂತಿ ಮುಟ್ಟದಿದ್ದರೂ, ಗಿಟಾರಿನ ಸ್ಪೀಕರ್ 'ಗುಂಯ್' ಎನ್ನತೊಡಗುತ್ತದೆ. ಬೇರೆ ಬ್ಯಾಂಡಿನವರಾಗಿದ್ದರೆ ಗಾಬರಿಬಿದ್ದು ವೈರು ಕಿತ್ತು ನೋಡುತ್ತಿದ್ದರು. ಇವರು ಕಣ್ಣು ಮುಚ್ಚಿ, ಬಿರಡೆ ತಿರುಗಿಸಿ, ಆ ಗುಂಯ್‌ಗೆ ತಂತಿಯನ್ನು ಕೂಡಿಸುತ್ತಾರೆ. ತಂಬೂರಿಯಿಂದ ಶ್ರುತಿ ಹಿಡಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಗದ್ದೆಗೆ ಬಿಟ್ಟ ಕರೆಂಟಿನಿಂದ ಶ್ರುತಿ ಹಿಡಿಯುವವರನ್ನು ನೋಡುತ್ತಿರುವುದು ಇದೇ ಮೊದಲು.

ಬ್ಯಾಂಡಿನ ಹೆಸರು 'ತ್ರೀ ಫೇಸ್'. ಹಾಡುತ್ತ ಗಿಟಾರ್ ನುಡಿಸುವ ರಘುನಂದನ್ ನಾಗಮಂಗಲದಲ್ಲಿ ಕೊರಿಯರ್ ಹಂಚುತ್ತಾರೆ. ಬಾಸ್ ಗಿಟಾರಿನ ರಮ್ಯ ಕೆ.ಆರ್. ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿದ್ದಾರೆ. ಡ್ರಮ್ಸ್ ಬಾರಿಸುವ ಕುಮಾರ್‌ಗೆ ಶ್ರೀರಂಗಪಟ್ಟಣದಲ್ಲಿ ಪಂಕ್ಚರ್ ಅಂಗಡಿಯಿದೆ. ಪೋಸ್ಟರಿನಲ್ಲಿ ಕಾಣುವುದು ಈ ಮೂವರೇ. ನಾಲ್ಕನೆಯವರಾದ ಸುಮಯ್ಯ ಪಾಂಡವಪುರದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾರೆ. ಕಾರ್ಯಕ್ರಮವಿದ್ದಾಗ ವೇದಿಕೆಯ ಹಿಂದೆ ಬೆಸುಗೆ ಕಡ್ಡಿ ಹಿಡಿದು ಕೂತಿರುತ್ತಾರೆ.

ಮುಂದೆ ಯಾಕೆ ಬರುವುದಿಲ್ಲ ಎಂದು ಕೇಳಿದೆ. "ನಂಗೆ ನುಡ್ಸಕ್ಕೂ ಬರಲ್ಲ, ಹಾಡಕ್ಕೂ ಬರಲ್ಲ. ಮುಂದ್ ನಿಂತ್ಕೊಂಡು ಏನ್ ಮಾಡ್ಲಿ, ಸಾರ್?"

ಕುಮಾರ್ ಬಾಯಿ ಹಾಕುತ್ತಾರೆ: "ಮೂರು ಫೇಸು ನಾವು, ನ್ಯೂಟ್ರಲ್ಲು ಸುಮಯ್ಯಕ್ಕ. ನ್ಯೂಟ್ರಲ್ ಇಲ್ದೆ ಮನೇಲಿ ಒಂದ್ ಬಲ್ಬ್ ಹತ್ಸಿ ನೋಡವಾ."

ಪಾಂಡವಪುರದ ಅಂಗಡಿ ಸುಮಯ್ಯರ ತಂದೆ ವಜೀರ್ ಪಾಷಾ ಅವರದು. ಅವರ ಕಣ್ಣು ಮಂಜಾಗಿ ಸಣ್ಣ ತಂತಿ ಕಾಣದಂತಾದಾಗ ಪಕ್ಕದಲ್ಲಿ ಕೂತು ಕಲಿತಿದ್ದ ಮಗಳೇ ಕೆಲಸಕ್ಕೆ ನಿಂತರು. ಬೆಳಗ್ಗೆ ಬಂದ ಮೋಟಾರನ್ನು ಬಿಚ್ಚಿ, ಕರಕಲಾದ ತಂತಿಯನ್ನು ಕಿತ್ತು, ಹೊಸದನ್ನು ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸುವಷ್ಟರಲ್ಲಿ ಮಾರನೆಯ ದಿನವಾಗುತ್ತದೆ. ಬೇಸಿಗೆಯಲ್ಲಿ ಅಂಗಡಿಯ ಮುಂದೆ ಸುಟ್ಟ ಮೋಟಾರುಗಳ ಸಾಲೇ ಇರುತ್ತದೆ. ಮೊದಮೊದಲು ಸಾಲಿನಲ್ಲಿದ್ದವರು ಸುಮಯ್ಯರನ್ನು ಕಂಡು ಮೋಟಾರನ್ನು ಮತ್ತೆ ಗಾಡಿಗೇರಿಸಿಕೊಂಡು ಹೋದದ್ದೂ ಉಂಟು. 'ಹೆಣ್ಣೆಂಗ್ಸು ಕಟ್ಟಿದ್ ಮೋಟ್ರು ನಿಂತದಾ?' ಎನ್ನುವುದು ಅವರ ಪ್ರಶ್ನೆ. ಮೋಟಾರನ್ನು ನಂಬಿ ಇಳಿಸಿಹೋದ ಮೊದಲಿಗರು ಬೆಟ್ಟಮ್ಮ.

"ನಾನು ಹೆಣ್ಣೆಂಗ್ಸು ನಾಟಿ ಮಾಡಿದ್ ಗದ್ದೇಲೇ ಉಣ್ತಾ ಇವ್ನಿ, ಮೋಟ್ರು ಯಾಕ್ ನಿಲ್ಲಲ್ಲ?" ಎನ್ನುತ್ತಾರೆ ಆ ಅಜ್ಜಿ. ಈಗ ಓಡುತ್ತಿರುವುದು ಅದೇ ಮೋಟಾರು.

ಬ್ಯಾಂಡ್ ಹುಟ್ಟಿದ್ದು ಆ ಅಂಗಡಿಯಲ್ಲೇ, ಅದೂ ಒಂದು ಎಡವಟ್ಟಿನಿಂದ. ರಘುನಂದನ್ ಮೈಸೂರಿನಲ್ಲಿ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಂಡಿದ್ದರು. ತಂತಿ ಮಿಡಿದರೆ ಸ್ಪೀಕರ್ ಮೂಗನಂತೆ ಸುಮ್ಮನಿರುತ್ತಿತ್ತು. ತಂತಿಯ ಕಂಪನವನ್ನು ಸ್ಪೀಕರಿಗೆ ಮುಟ್ಟಿಸುವ ಪಿಕಪ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ಸಣ್ಣ ಕಾಯಿಲ್, ಸತ್ತುಹೋಗಿತ್ತು. ಸರಿಮಾಡುವವರು ಸಿಗದೆ ಕೊನೆಗೆ ಸುಮಯ್ಯರ ಮುಂದೆ ತಂದಿಟ್ಟರು.

"ಬಿಚ್ಚಿ ನೋಡುದ್ರೆ ನಮ್ ಸ್ಟಾರ್ಟರ್ ಕಾಯ್ಲಿನ ತಮ್ಮ ಇದ್ದಂಗಿತ್ತು. ಇಷ್ಟೇ ತಾನೆ ಅಂದ್ಕೊಂಡೆ" ಎಂದು ನಗುತ್ತಾರೆ ಸುಮಯ್ಯ. ಪಿಕಪ್‌ಗೆ ಬೇಕಾದ, ಕೂದಲಿಗಿಂತ ಸಣ್ಣ ತಂತಿ ಅಂಗಡಿಯಲ್ಲಿರಲಿಲ್ಲ. ಸ್ಟಾರ್ಟರ್ ಕಾಯಿಲಿಗೆ ಹಾಕುವ ತಂತಿಯನ್ನೇ ಸುತ್ತಿದರು. ಕಾಯಿಲ್ ದಪ್ಪಗಾಗಿ ಗಿಟಾರಿನ ಕುಳಿಯಲ್ಲಿ ಕೂರಲಿಲ್ಲ. ಉಳಿ ಹಿಡಿದು ಗಿಟಾರಿನ ಮರವನ್ನೇ ಕೆತ್ತಿದರು. ರಘುನಂದನ್ ಆಗ ಟೀ ಕುಡಿಯಲು ಹೋಗಿದ್ದರು. ಅಲ್ಲೇ ಇದ್ದಿದ್ದರೆ ಈ ಬ್ಯಾಂಡ್ ಹುಟ್ಟುತ್ತಲೇ ಇರಲಿಲ್ಲ.

ವಾಪಸು ಬಂದು ಮಿಡಿದರೆ ಗಿಟಾರಿನ ಸದ್ದೇನೋ ಬಂತು. ಅಂಗಡಿಯಲ್ಲಿ ಪರೀಕ್ಷೆಗೆಂದು ಓಡುತ್ತಿದ್ದ ಮೋಟಾರಿನ ಗುಂಯ್ ಕೂಡ ಜೊತೆಗೇ ಬಂತು. ದಪ್ಪ ಕಾಯಿಲ್ ಅದನ್ನೂ ಹೀರಿಕೊಳ್ಳುತ್ತಿತ್ತು. "ಕೆಟ್ಟೋಯ್ತು ಕಣಮ್ಮಾ, ಬಿಚ್ಚು" ಎಂದು ರಘುನಂದನ್ ತಲೆಮೇಲೆ ಕೈಹೊತ್ತರು. ಜೊತೆಗೆ ಬಂದಿದ್ದ ಕುಮಾರ್ ಮಾತ್ರ ಖಾಲಿ ಮೋಟಾರಿನ ಚಿಪ್ಪಿನ ಮೇಲೆ ಸ್ಪ್ಯಾನರಿನಿಂದ ತಾಳ ಹಾಕತೊಡಗಿದರು. "ಲೇ, ಬಿಚ್ಚುಸ್ಬೇಡ ಕಣ್ಲಾ! ಆ ಗುಂಯ್ಗೆ ಸರ್ಯಾಗಿ ತಂತಿ ಬಿಗ್ದು ಒಂದ್ಸಲ ಹಾಡ್ಲಾ."

ಆಮೇಲೆ ಯಾರೂ ಅದನ್ನು ಬಿಚ್ಚಲಿಲ್ಲ. ವೋಲ್ಟೇಜು ಕುಸಿದರೆ ಗುಂಯ್ ಸಣ್ಣಗಾಗುತ್ತದೆ, ಹಾಡೂ ದನಿ ತಗ್ಗಿಸುತ್ತದೆ. ಕರೆಂಟ್ ಹೋದರೆ ಹಾಡು ಅಲ್ಲಿಗೇ ಮುಗಿಯಿತು. ಗದ್ದೆಯಿಲ್ಲದ ಕಡೆ ನುಡಿಸುವಾಗ ಸುಮಯ್ಯ ಒಂದು ಸಣ್ಣ ಮೋಟಾರನ್ನು ಹೊತ್ತೊಯ್ಯುತ್ತಾರೆ. ಮೇಲುಕೋಟೆಯಲ್ಲಿ ವೇದಿಕೆ ಕಟ್ಟಿದವರೊಬ್ಬರು ಅದನ್ನು ನೋಡಿ, "ನೀರ್ ಎಲ್ಲಿಂದ ಬತ್ತದಮ್ಮಾ?" ಎಂದು ವಿಚಾರಿಸಿದರಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ರಿಪೇರಿ ಬಾರದವರು ಕೆಟ್ಟ ಸದ್ದನ್ನೇ ಸಂಗೀತ ಅಂದರಂತೆ ಎಂದು ಆಡಿಕೊಂಡವರೂ ಇದ್ದಾರೆ. ಆಡಿಕೊಳ್ಳಲಿ. ನನ್ನ ಕಿವಿಗೂ ಮೊದಲ ಹಾಡು ಒರಟಾಗಿಯೇ ಕೇಳಿಸಿತು. ಮೂರನೆಯದಕ್ಕೆ ನಾನು ಕಾಲು ಕುಣಿಸುತ್ತಿದ್ದೆ.

ಈಗ ಒಂದು ಸಂದಿಗ್ಧ ಎದುರಾಗಿದೆ. ಬೆಂಗಳೂರಿನ ಸಂಗೀತ ಕಂಪನಿಯೊಂದು ಇವರ ಹಾಡು ಕೇಳಿ ಮೆಚ್ಚಿ, ಸ್ಟುಡಿಯೋಗೆ ಕರೆಸಿ, ಒಂದು ಹಾಡನ್ನು ರೆಕಾರ್ಡ್ ಮಾಡಿ, ಅದರ ಗುಂಯ್ ಅಳಿಸಿ ಕಳಿಸಿದೆ. ಹೊಸ ಬ್ಯಾಂಡುಗಳ ಸಂಗ್ರಹದಲ್ಲಿ ಹಾಕಿಕೊಳ್ಳುತ್ತಾರಂತೆ. ಆದರೆ ಇನ್ನು ಮುಂದೆ ಕಂಪನಿಯ ಗಿಟಾರನ್ನೇ ನುಡಿಸಬೇಕು, ಸುಮಯ್ಯರ ಕಾಯಿಲ್ ಬೇಡ. ಇವತ್ತು ಬೆಳಗ್ಗೆ ಫೋನ್ ಮಾಡಿ ಉತ್ತರ ಕೇಳುತ್ತಾರೆ.

ಅವರ ಮಾತೂ ತಪ್ಪಲ್ಲ, ಅವರ ಕಿವಿ ಅವರದು. ಒಪ್ಪಿಕೊಳ್ಳೋಣ ಎಂದು ಮೊದಲು ಹೇಳಿದವರು ರಘುನಂದನ್. "ಬ್ಯಾಗ್ ಹೊತ್ಕೊಂಡು ಮನೆಮನೆ ಬಾಗ್ಲು ತಟ್ಟೋನು ನಾನು. ಯಾರೋ ಬಂದು ನಮ್ ಬಾಗ್ಲು ತಟ್ತಾವ್ರೆ, ಎಂಗ್ ಬ್ಯಾಡ ಅನ್ಲಿ?" ಎಂದು ನನ್ನನ್ನೇ ಕೇಳುತ್ತಾರೆ.

ಅಳಿಸಿದ ಹಾಡು ಹೇಗಿತ್ತು ಎಂದು ಸುಮಯ್ಯರನ್ನು ಕೇಳಿದೆ. "ಚೆನ್ನಾಗೇ ಇತ್ತು. ನಮ್ದಾಗಿರ್ಲಿಲ್ಲ, ಅಷ್ಟೆ." ಮತ್ತೆ ಸೇರಿಸುತ್ತಾರೆ: "ರಘಣ್ಣಂಗೆ ಹೇಳಿವ್ನಿ. ಹಾಡು ನಿಮ್ದು, ಹೋಗ್ಬೇಕು ಅಂದ್ರೆ ಹೋಗಿ, ನಂಗೇನೂ ಸಿಟ್ಟಿಲ್ಲ. ಆದ್ರೆ ತ್ರೀ ಫೇಸ್ ಅಂತ ಹೆಸ್ರು ಹಾಕ್ಬ್ಯಾಡಿ. ಕರೆಂಟ್ ತಗ್ದಾಕ್ಬುಟ್ಟು ಅದರ ಹೆಸ್ರು ಇಟ್ಕೊಂಡ್ರೆ ಸುಳ್ಳಾಯ್ತದೆ."

ನೋವಾಗಿದೆಯೇ ಎಂದರೆ ಹೌದೆನ್ನುತ್ತಾರೆ, ಮುಚ್ಚಿಡುವುದಿಲ್ಲ. "ಮೋಟ್ರು ಕಟ್ಟಿ ಕಳುಸ್ತೀನಿ, ಅದು ಬಾವಿ ತಾವ ಹೋಗಿ ಕೂತ್ಕೊತದೆ. ನಾನು ಸುತ್ತಿದ್ರಲ್ಲಿ ನಾಕು ಜನ ಕಿವಿಗೊಟ್ಟು ಕೇಳೋದು ಇದೊಂದೇ." ಮಗಳಿಗೆ ಈ ಹಾಡಿನವರ ಸಹವಾಸ ಯಾಕೆ ಎಂದ ನೆಂಟರಿಗೆ ವಜೀರ್ ಪಾಷಾ ಕೊಟ್ಟ ಉತ್ತರವೂ ಇಂಥದ್ದೇ: "ಅರೆ ಭಾಯ್, ತಂತಿ ಮೋಟ್ರಿಗೆ ಹೋಗ್ಲಿ, ಗಿಟಾರಿಗೆ ಹೋಗ್ಲಿ, ಸುತ್ತಿದ್ದು ನನ್ ಮಗ್ಳೇ ಅಲ್ವಾ?"

ಬಿಸಿಲೇರುತ್ತಿದೆ. ಪಂಪ್‌ಸೆಟ್ ಮನೆಯೊಳಗೆ ಹಾಡು ಅರ್ಧಕ್ಕೆ ಬಂದಿರುವಾಗ ರಘುನಂದನ್‌ರ ಜೇಬಿನ ಫೋನು ನಡುಗುತ್ತದೆ. ವಾದ್ಯಗಳು ನಿಲ್ಲುತ್ತವೆ. ಮೋಟಾರು ನಿಲ್ಲುವುದಿಲ್ಲ, ಗುಂಯ್ ಕೂಡ ನಿಲ್ಲುವುದಿಲ್ಲ. ಸುಮಯ್ಯ ತಿರುಗಿ ನೋಡದೆ ಸಡಿಲವಾದ ವೈರೊಂದಕ್ಕೆ ಟೇಪು ಸುತ್ತುತ್ತಿರುತ್ತಾರೆ. ಸುತ್ತಿದ್ದನ್ನೇ ಮತ್ತೆ ಸುತ್ತುತ್ತಿದ್ದಾರೆ ಎಂಬುದು ನನಗೆ ಕಾಣುತ್ತದೆ.

"ಹಲೋ ಸಾರ್" ಎನ್ನುತ್ತಾರೆ ರಘುನಂದನ್. ಆ ಕಡೆಯವರು ಏನೋ ಕೇಳುತ್ತಾರೆ. ರಘುನಂದನ್ ರಮ್ಯರನ್ನು ನೋಡುತ್ತಾರೆ, ಕುಮಾರ್‌ರನ್ನು ನೋಡುತ್ತಾರೆ, ಸುಮಯ್ಯರ ಬೆನ್ನನ್ನು ನೋಡುತ್ತಾರೆ. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ಸ್ಪೀಕರಿನ ಮುಂದೆ ಹಿಡಿಯುತ್ತಾರೆ. ಗುಂಯ್ ಪೂರ್ತಿಯಾಗಿ ಬೆಂಗಳೂರಿಗೆ ಹೋಗುತ್ತದೆ.

"ಇದಿದ್ರೆ ನಾವು ಬತ್ತೀವಿ ಸಾರ್. ಇಲ್ದಿದ್ರೆ ಇಲ್ಲ" ಎನ್ನುತ್ತಾರೆ, ಸ್ಪೀಕರಿನ ಸದ್ದಿಗೂ ಮೇಲೆ ಕೇಳುವಂತೆ.

"ಏನಂದ್ರು?" ಸುಮಯ್ಯ ಇನ್ನೂ ತಿರುಗಿಲ್ಲ.

"ಕಟ್ ಮಾಡುದ್ರು."

ಸುಮಯ್ಯ ಟೇಪನ್ನು ಹಲ್ಲಿನಿಂದ ಕತ್ತರಿಸುತ್ತಾರೆ. ಎದ್ದು, ಸ್ಟಾರ್ಟರ್ ಪೆಟ್ಟಿಗೆಯ ಮೂರು ದೀಪಗಳನ್ನೂ ಒಮ್ಮೆ ನೋಡುತ್ತಾರೆ. ಕಣ್ಣು ಒದ್ದೆಯಾಗಿದೆ, ದನಿ ಮಾತ್ರ ಅಂಗಡಿಯಲ್ಲಿ ಗಿರಾಕಿಗೆ ಹೇಳುವಂತಿದೆ.

"ಸರಿ ಬುಡಿ. ಕರೆಂಟು ಇನ್ನೂ ಅದೆ. ಮೊದ್ಲಿಂದ ನುಡ್ಸಿ."