ಹನ್ನೆರಡನೆಯ ಹೊಲಿಗೆ

ದೇವರನ್ನು ನಂಬುವವಳು ನಾನು. ಸ್ನಾನ ಮಾಡಿ ದೀಪ ಹಚ್ಚುವ ತನಕ ಬಾಯಿಗೆ ಕಾಫಿ ಸೋಕಿಸುವುದಿಲ್ಲ. ಆದರೆ ಸತ್ತವರು ಸೂಚನೆ ಕೊಡುತ್ತಾರೆ, ಹಿರಿಯರು ಬಂದು ಕಾಯುತ್ತಾರೆ ಎಂದು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದೆ. ದೇವರೊಬ್ಬ ಇದ್ದಾನಲ್ಲ, ಮತ್ತೆ ಉಳಿದವರಿಗೇನು ಕೆಲಸ ಎನ್ನುವುದು ನನ್ನ ವಾದ. ನಾಲ್ಕು ವರ್ಷದ ಹಿಂದೆ, ದೆಹಲಿ ಪಕ್ಕದ ಫರೀದಾಬಾದಿನ ನಮ್ಮ ಮನೆಯಲ್ಲಿ, ಹಾಡುಹಗಲಲ್ಲಿ ನಡೆದ ಒಂದು ಸಂಗತಿಯ ನಂತರ ಆ ನಗು ನಿಂತಿದೆ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ವಿಷಯ ಒಂದು ಜಬಲಾದ್ದು. ಎಳೆಗೂಸಿಗೆ ತೊಡಿಸುವ, ಗುಂಡಿಯಿಲ್ಲದ, ಮುಂದೆ ಲಾಡಿ ಕಟ್ಟುವ ಪುಟ್ಟ ಅಂಗಿ. ನನ್ನ ಅತ್ತೆ ಚೊಚ್ಚಲ ಬಸುರಿಯಾಗಿದ್ದಾಗ ತಮ್ಮ ಮಾವನ ಹಳೆಯ ಪಂಚೆಯಿಂದ ಕೈಯಲ್ಲೇ ಹೊಲಿದದ್ದು. ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ತುಂಬು ಬಾಳು ಬಾಳಿದವರು ಉಟ್ಟ ಹಳೆಬಟ್ಟೆಯೇ ಆಗಬೇಕು ಎನ್ನುವುದು ಉಡುಪಿ ಕಡೆಯ ನಮ್ಮ ಮನೆಯ ರೂಢಿ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಟೇಪು ಹಿಡಿದವರಲ್ಲ, ಗೇಣು ಬೆರಳುಗಳಲ್ಲೇ ಅಳತೆ. ಆದರೆ ಆ ಅಂಗಿಯ ಹೊಲಿಗೆಗಳೆಲ್ಲ ಹೊರಬದಿಗೆ, ಕೂಸಿನ ಮೈಗೆ ತಾಗದ ಹಾಗೆ. ಎಲ್ಲಿಯೂ ಒಂದು ಗಂಟಿಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ನುಗ್ಗಿಸಿ ಮುಗಿಸುತ್ತಿದ್ದರು. ಎಲ್ಲವನ್ನೂ ಎಡಗೈಯಲ್ಲಿ.

ನನ್ನ ಮಗಳು ಶ್ರುತಿ ಹುಟ್ಟಿದಾಗ ನಾನು ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟಿನಿಂದ ಲೇಸು ಹಚ್ಚಿದ ಫ್ರಾಕು ತಂದಿದ್ದೆ. ಬಾಣಂತನಕ್ಕೆ ಬಂದಿದ್ದ ಅತ್ತೆ ಅದನ್ನು ಒಳಮೈ ಹೊರಗೆ ಮಾಡಿ, ಹೊಲಿಗೆಯನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡಿ, "ನೋಡುವವರಿಗೆ ಚಂದ ಉಂಟು, ಹಾಕಿಕೊಳ್ಳುವವಳು ಏನು ತಪ್ಪು ಮಾಡಿದ್ದಾಳೆ?" ಎಂದಿದ್ದರು. ಆಗ ಕೋಪ ಬಂದಿತ್ತು. ಈಗ ಅಂಗಡಿಯಲ್ಲಿ ಯಾವ ಬಟ್ಟೆ ಹಿಡಿದರೂ ಮೊದಲು ಕೆನ್ನೆಗೆ ಉಜ್ಜುತ್ತೇನೆ.

ಆ ಜಬಲಾಕ್ಕೆ ಒಂದು ಕ್ರಮವಿತ್ತು. ಮಗು ಬೆಳೆದು ಅಂಗಿ ಚಿಕ್ಕದಾದ ಮೇಲೆ ಅದರ ತಾಯಿ ಕೆಳ ಅಂಚಿನಲ್ಲಿ ಕೆಂಪು ದಾರದಿಂದ ಒಂದೇ ಒಂದು ಓರೆ ಹೊಲಿಗೆ ಹಾಕಿ, ಮುಂದಿನ ಮಗುವಿಗಾಗಿ ಎತ್ತಿಡಬೇಕು. ಮೊದಲೇ ಹಾಕುವ ಹಾಗಿಲ್ಲ, ಬೇರೆಯವರು ಹಾಕುವ ಹಾಗಿಲ್ಲ. ಈ ಮಗು ಗೆದ್ದಿತು ಎನ್ನುವುದಕ್ಕೆ ಗುರುತು ಅದು. ಅತ್ತೆಯ ನಾಲ್ಕು ಮಕ್ಕಳದ್ದು ನಾಲ್ಕು, ಆಮೇಲೆ ಮೊಮ್ಮಕ್ಕಳದ್ದು ಏಳು. ಅತ್ತೆಯ ನಾಲ್ಕು ಹೊಲಿಗೆ ಎಡಕ್ಕೆ ವಾಲಿದ್ದರೆ, ಬಲಗೈಯವರಾದ ನಮ್ಮೆಲ್ಲರ ಏಳೂ ಬಲಕ್ಕೆ ವಾಲಿದ್ದವು.

ಅತ್ತೆ ತೀರಿಕೊಂಡಾಗ ಉತ್ತರಕ್ರಿಯೆ ಮುಗಿಸಿ ಊರಿನಿಂದ ಬರುವಾಗ ನಾನು ಕೇಳಿ ತಂದದ್ದು ಈ ಜಬಲಾ ಒಂದನ್ನೇ. ಅದಾಗಿ ಎರಡು ವರ್ಷಕ್ಕೆ ಶ್ರುತಿ ಬಸುರಿಯಾದಳು. ಸೀಮಂತದ ದಿನ ಅಂಗಿಯನ್ನು ಹೊರತೆಗೆದು ಇಬ್ಬರೂ ಎಣಿಸಿದೆವು. ದೆಹಲಿಯಲ್ಲೇ ಬೆಳೆದವಳು, ಎಣಿಕೆಯೆಲ್ಲ ಹಿಂದಿಯಲ್ಲೇ. "ನೌ, ದಸ್, ಗ್ಯಾರಹ್. ಮೇರಾ ವಾಲಾ ಬಾರಹ್, ಅಮ್ಮಾ!" ಎಂದಳು. ಹನ್ನೊಂದಾಯಿತು, ಹನ್ನೆರಡನೆಯದು ತನ್ನದು ಎಂದು ನಗುತ್ತಾ ಮೊಬೈಲಿನಲ್ಲಿ ಫೋಟೋ ತೆಗೆದಳು. ನಾನು ಅಂಗಿಯನ್ನು ಮಡಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ.

ಅದಾದ ಹದಿನೆಂಟನೇ ದಿನ, ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಮಗು. ನನ್ನ ಅಂಗೈಗೆ ಸ್ವಲ್ಪ ಹೆಚ್ಚು, ಅಷ್ಟೇ. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ ಮೂಗಿಗೆ ನಳಿಗೆ ಇಟ್ಟಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ಅಳಿಯನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅವನು ಮರಳಿ ಬಂದು ನನ್ನ ಮುಖ ನೋಡದೆ, "ಮಮ್ಮೀಜಿ, ಇನ್ನೆರಡು ದಿನ ಕಷ್ಟ ಅಂತಾರೆ," ಎಂದ. ಮದುವೆಯಾದ ಮೇಲೆ ಕಲಿತ ಕನ್ನಡದಲ್ಲಿ ಅವನು ನನಗೆ ಹೇಳಿದ ಅತಿ ದೊಡ್ಡ ವಾಕ್ಯ ಅದು.

ಮಗಳಿಗೆ ಬಟ್ಟೆ ತರಲು ನಾನು ಮನೆಗೆ ಬಂದೆ. ಯಜಮಾನರು ತಮ್ಮ ರೆಸ್ಟೋರೆಂಟಿನಿಂದ ನೇರ ಆಸ್ಪತ್ರೆಗೆ ಹೋಗಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ವಾರದಿಂದ ಕವಿದಿದ್ದ ಮಂಜು ಹರಿದು ಬಾಲ್ಕನಿಗೆ ಬಿಸಿಲು ಬಿದ್ದಿತ್ತು. ದೀಪ ಹಚ್ಚಿದೆ. ಪ್ರಾರ್ಥನೆಗೆ ಮಾತು ಹೊರಡಲಿಲ್ಲ. ಆಗ ನನ್ನ ತಲೆಯಲ್ಲಿ ಒಂದು ಯೋಚನೆ ಬಂತು, ಹೇಳಲು ನಾಚಿಕೆಯಾಗುತ್ತದೆ. ಮಗು ಗೆದ್ದ ಮೇಲೆ ಹಾಕುವ ಹೊಲಿಗೆಯನ್ನು ಈಗಲೇ ಹಾಕಿಬಿಟ್ಟರೆ? ಹಾಕಿದ ಗುರುತನ್ನು ದೇವರು ಹೇಗೆ ಸುಳ್ಳು ಮಾಡುತ್ತಾನೆ? ಅದು ಭಕ್ತಿಯಲ್ಲ, ಹಟ. ಗೊತ್ತಿದ್ದೂ ಸೂಜಿಗೆ ಕೆಂಪು ದಾರ ಪೋಣಿಸಿದೆ. ಮೂರು ಸಲ ತಪ್ಪಿತು.

ಕಪಾಟು ತೆಗೆದು ಜಬಲಾವನ್ನು ಬಾಲ್ಕನಿಗೆ ತಂದು, ಜಾಗ ಹುಡುಕಲು ಅಂಚಿನ ಮೇಲೆ ಬೆರಳಿಟ್ಟು ಎಣಿಸಿದೆ. ಹತ್ತು, ಹನ್ನೊಂದು. ಅದರ ಪಕ್ಕದಲ್ಲಿ, ನಾನು ಸೂಜಿ ಚುಚ್ಚಬೇಕೆಂದಿದ್ದ ಜಾಗದಲ್ಲೇ, ಇನ್ನೊಂದು ಹೊಲಿಗೆ ಇತ್ತು.

ಮತ್ತೆ ಎಣಿಸಿದೆ. ಕನ್ನಡಕ ಒರೆಸಿ ಇನ್ನೊಮ್ಮೆ ಎಣಿಸಿದೆ. ಹನ್ನೆರಡು. ಹೊಸ ದಾರವಲ್ಲ, ಉಳಿದವುಗಳ ಹಾಗೆಯೇ ಮಾಸಿದ ಕೆಂಪು. ತಿರುಗಿಸಿ ನೋಡಿದರೆ ಗಂಟಿಲ್ಲ. ಮತ್ತು ಅದು ಎಡಕ್ಕೆ ವಾಲಿತ್ತು.

ಹೆದರಿಕೆಯಾಯಿತೇ ಎಂದು ನೀವು ಕೇಳಬಹುದು. ಇಲ್ಲ. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಸೀಯಿಸುವ ಮೊದಲೇ ಅತ್ತೆ ಬಂದು ಸದ್ದಿಲ್ಲದೆ ಒಲೆ ಆರಿಸುತ್ತಿದ್ದರು. ಹಾಗೆ ಅನ್ನಿಸಿತು. ಪೋಣಿಸಿದ ಸೂಜಿಯನ್ನು ಹಾಗೇ ದೇವರ ಮುಂದಿಟ್ಟು ಆಸ್ಪತ್ರೆಗೆ ಹೊರಟೆ. ಯಜಮಾನರು ಡಬ್ಬಿಯಲ್ಲಿ ತಂದಿದ್ದ ಇಡ್ಲಿಯಲ್ಲಿ ಎರಡನ್ನು ತಿಂದೆ, ನಾಲ್ಕು ದಿನದಲ್ಲಿ ಮೊದಲ ಸಲ. ಶ್ರುತಿ, "ಅಮ್ಮಾ, ಏನಾಯ್ತು ನಿಂಗೆ?" ಎಂದಳು. ಹಸಿವಾಯಿತು ಎಂದೆ.

ಎರಡು ದಿನ ಕಳೆಯಿತು. ಮೂರನೆಯ ದಿನ ನಳಿಗೆಯ ಗಾಳಿಯನ್ನು ಒಂಚೂರು ತಗ್ಗಿಸಿದರು. ಆಮೇಲೆ ಒಂದು ಹನಿ ಹಾಲು, ಎರಡು ಹನಿ ಹಾಲು. ಒಂದೊಂದಕ್ಕೂ ಕೈ ಮುಗಿದೆ. ಒಂದು ತಿಂಗಳು ಕಳೆದು ಮಗು ಮನೆಗೆ ಬಂತು. ಅದಕ್ಕೆ ಜಬಲಾ ತೊಡಿಸಿದಾಗ ನೋಡಲು ಬಂದ ಪಕ್ಕದ ಮನೆಯಾಕೆ, "ಉಲ್ಟಾ ಪೆಹನಾ ದಿಯಾ, ಆಂಟೀಜಿ," ಎಂದಳು. ಒಳಮೈ ಹೊರಗೆ ಮಾಡಿ ತೊಡಿಸಿಲ್ಲವೆಂದು, ಹೊರಗಿನ ಹೊಲಿಗೆ ತೋರಿಸಿ ಕಾರಣ ಹೇಳಿದೆ. ಆಕೆ ಬಗ್ಗಿ ಆ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಹೊಲಿಗೆಯ ಸಂಗತಿಯನ್ನು ಯಜಮಾನರಿಗೆ ಹೇಳಿದ್ದು ಆಮೇಲೆ. "ನಿನ್ನ ಕನ್ನಡಕದ ನಂಬರ್ ಬದಲಾಗಿದೆ ಮಾರಾಯ್ತಿ," ಎಂದವರು ತಾವೇ ಬೆರಳಿಟ್ಟು ಎಣಿಸಿದರು. ಅಂಗಿಯನ್ನು ನನ್ನ ಕೈಗೆ ಮರಳಿಸುತ್ತಾ, "ಆ ಗಾಬರಿಯಲ್ಲಿ ನೀನೇ ಹಾಕಿ ಮರೆತಿರಬೇಕು," ಎಂದರು. ನಾನು ಪೋಣಿಸಿದ್ದ ದಾರ ಒಂದಿಂಚೂ ಖರ್ಚಾಗದೆ ದೇವರ ಮುಂದೆ ಇತ್ತು. ಊರಿನಲ್ಲಿರುವ ನಾದಿನಿ ವಾರಿಜಾಳಿಗೆ ಫೋಟೋ ಕಳಿಸಿದೆ. "ನಾನು ಮುಟ್ಟದೆ ಇಪ್ಪತ್ತು ವರ್ಷ ಆಯಿತು ಅತ್ತಿಗೆ. ಆದರೆ ಇದು ಅಮ್ಮನ ಕೈಯೇ," ಎಂದು ಅತ್ತಳು. ಹಾಗಾದರೆ ಸಾಯುವ ಮೊದಲೇ ಅತ್ತೆ ಹಾಕಿಟ್ಟಿದ್ದರೇ? ಮೊದಲೇ ಹಾಕಬಾರದೆಂದು ಕಲಿಸಿದವರೇ ಅವರು. ಸೀಮಂತದ ದಿನ ನಾವು ಎಣಿಸಿದ್ದು ತಪ್ಪಾಯಿತೇ? ಶ್ರುತಿಯ ಮೊಬೈಲಿನ ಫೋಟೋ ತೆಗೆದು ನೋಡಿದೆವು. ಒಂಬತ್ತು ಹೊಲಿಗೆ ಸ್ಪಷ್ಟವಾಗಿ ಕಾಣುತ್ತವೆ. ಉಳಿದ ಅಂಚಿನ ಮೇಲೆ ಅವಳದೇ ಹೆಬ್ಬೆರಳಿದೆ.

ಮಗುವಿಗೆ ಅಂಗಿ ಚಿಕ್ಕದಾಗಲು ಒಂಬತ್ತು ತಿಂಗಳು ಬೇಕಾಯಿತು. ಅಂದು ದೇವರ ಮುಂದಿದ್ದ ಅದೇ ಸೂಜಿಯನ್ನು ಶ್ರುತಿಯ ಕೈಗೆ ಕೊಟ್ಟೆ. ಅವಳು ಅಂಚನ್ನು ಬೆರಳಿನಿಂದ ಸವರುತ್ತಾ ಕುಳಿತಳು. "ಹನ್ನೆರಡು ಮಕ್ಕಳಿಗೆ ಹನ್ನೆರಡು ಆಯ್ತಲ್ಲಮ್ಮಾ. ಅಜ್ಜಿ ನೇ ಮೇರಾ ಕಾಮ್ ಕರ್ ದಿಯಾ, ನನ್ನ ಕೆಲಸ ಅವರೇ ಮುಗಿಸಿದ್ದಾರೆ. ನಾನು ಹಾಕಲ್ಲ," ಎಂದು ಸೂಜಿಯನ್ನು ಹಿಂದಕ್ಕೆ ಕೊಟ್ಟಳು. ನಾನು ಒತ್ತಾಯಿಸದೆ ಅದನ್ನು ಮತ್ತೆ ದೇವರ ಮುಂದಿಟ್ಟೆ.

ಈಗ ವಾರಿಜಾಳ ಸೊಸೆ ಬಸುರಿ. ಜಬಲಾ ಊರಿಗೆ ಹೋಗಬೇಕು. ಮೊನ್ನೆ ಅದನ್ನು ಒಗೆದು, ನೆರಳಿನಲ್ಲಿ ಒಣಗಿಸಿ, ಕೆನ್ನೆಗೊಮ್ಮೆ ಒತ್ತಿಕೊಂಡು, ತೆಳುವಾದ ಮಲ್ಲಿನ ಬಟ್ಟೆಯಲ್ಲಿ ಸುತ್ತಿದೆ. ಸುತ್ತುವಾಗ ಬೆರಳು ತಾನಾಗಿಯೇ ಅಂಚಿನ ಕಡೆಗೆ ಹೋಯಿತು. ಹನ್ನೆರಡೇ ಇದ್ದರೆ ಆ ಹುಡುಗಿಯ ಹೆರಿಗೆಯ ತನಕ ನನಗೆ ನಿದ್ದೆ ಬರುವುದಿಲ್ಲ. ಹದಿಮೂರು ಇದ್ದರೆ ಏನು ಮಾಡುವುದೆಂದು ಗೊತ್ತಿಲ್ಲ. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಎಣಿಸದೆ ಗಂಟು ಕಟ್ಟಿದೆ.