ಗ್ಲಿಸರಿನ್ ಹಾಕದ ಸೋಪುನೀರು

ಅಬುಧಾಬಿಯ ಒಂದು ಭಾರತೀಯ ಶಾಲೆಯಲ್ಲಿ ನಾನು ಲ್ಯಾಬ್ ಅಟೆಂಡರ್ ಆಗಿದ್ದೆ. ಓದಿದ್ದು ಹೈಸ್ಕೂಲು ಮಾತ್ರ. ಆದರೂ ತಂತಿಯ ಬಳೆಯನ್ನು ಸೋಪುನೀರಿನಲ್ಲಿ ಅದ್ದಿ ಎತ್ತಿ, ಪೊರೆಯ ಮೇಲೆ ಬೆಳಕು ಬಿಟ್ಟು ಬಣ್ಣ ತೋರಿಸುವ ಕೆಲಸವನ್ನು ಹಳೆಯ ಮೇಷ್ಟ್ರು ನನಗೇ ಬಿಟ್ಟಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಆ ಮೇಷ್ಟ್ರು ಕೆಲಸ ಬಿಟ್ಟು ಹೋದ ಮೇಲೆ ಹುಬ್ಬಳ್ಳಿ ಕಡೆಯ ಹೊಸ ಟೀಚರ್ ಬಂದರು. ನನ್ನ ಮಗಳ ವಯಸ್ಸು. ಪ್ರಿನ್ಸಿಪಾಲರು ಒಂದು ಪಾಠ ನೋಡಿ ಅವರ ಕೆಲಸ ಕಾಯಂ ಮಾಡಬೇಕಿತ್ತು. ಆ ಪಾಠಕ್ಕೆ ಟೀಚರ್ ಆರಿಸಿಕೊಂಡದ್ದು ಸೋಪಿನ ಪೊರೆಯನ್ನೇ.

“ಅಂಕಲ್, ಈ ಸಲ ಬಳಿ ನಾನ ಹಿಡೀತೀನ್ರಿ. ನೀರು ನೀವ ಕಲಸಿ ಕೊಡ್ರಿ, ಹದ ನಿಮಗ ಗೊತ್ತು. ಪೊರಿ ತೆಳ್ಳಗಾಗಿ ಮ್ಯಾಲೆ ಕರಿ ಪಟ್ಟಿ ಬರ್ತದಲ್ಲ, ಹುಡುಗ್ರು ಅದನ್ನ ನೋಡಬೇಕು.”

“ಕಪ್ಪು ನೋಡ್ಲಿಕ್ಕೆ ಸೋಪು ಯಾಕೆ ಮೇಡಂ? ಲೈಟ್ ಆಫ್ ಮಾಡಿದ್ರೆ ಆಯ್ತಲ್ಲ,” ಎಂದೆ.

ಅವರು ನಕ್ಕರು. “ಸೋಪಿನಾಗ ಬಣ್ಣ ಇಲ್ರೀ. ಪೊರಿ ಮುಂದಿಂದ, ಹಿಂದಿಂದ ಹೊಳ್ಳಿ ಬರೋ ಬೆಳಕು ಕೂಡಿ ಬಣ್ಣ ಆಗ್ತದ. ಭಾಳ ತೆಳ್ಳಗಾದ್ರ ಒಂದನ್ನೊಂದು ಅಳಿಸಿಬಿಡ್ತಾವ.”

ಇಷ್ಟು ವರ್ಷ ತೋರಿಸಿದ ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ಪೊರೆ ಕಪ್ಪಾಗುವಷ್ಟು ಹೊತ್ತು ನಿಲ್ಲಬೇಕಾದರೆ ಸೋಪುನೀರಿಗೆ ಗ್ಲಿಸರಿನ್ ಬೇಕು. ಪಾಠದ ದಿನ ನಾನು ಹಾಕಲಿಲ್ಲ. ಮರೆತೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಕೈಗೆ ತೆಗೆದುಕೊಂಡ ಬಾಟಲಿಯನ್ನು ಮತ್ತೆ ಕಪಾಟಿನಲ್ಲಿಟ್ಟೆ.

ಹಸಿರು, ಗುಲಾಬಿ ಪಟ್ಟಿಗಳು ಇಳಿಯುತ್ತಿದ್ದಂತೆಯೇ ಪೊರೆ ಒಡೆಯಿತು. “ವೇಟ್, ವೇಟ್,” ಎನ್ನುತ್ತ ಟೀಚರ್ ಮತ್ತೆ ಅದ್ದಿದರು. ಮತ್ತೆ ಒಡೆಯಿತು.

“ಮಿಸ್, ಖಲಾಸ್!” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ತರಗತಿಯೆಲ್ಲ ನಕ್ಕಿತು. ಪ್ರಿನ್ಸಿಪಾಲರು ಏನೋ ಬರೆದುಕೊಂಡರು. ಆಗ ನಾನು ಮುಂದೆ ಹೋಗಿ ಬಳೆ ಇಸಿದುಕೊಂಡು, ಒಡೆಯುವ ಮೊದಲೇ ಬಣ್ಣ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ.

“ಥ್ಯಾಂಕ್ಸ್ ಅಂಕಲ್,” ಎಂದರು ಆಕೆ, ಎಲ್ಲರೆದುರು.

ಕೆಲಸ ಕಾಯಂ ಆಗಲಿಲ್ಲ. ಹೋಗುವ ದಿನ ಲ್ಯಾಬಿಗೆ ಬಂದರು. ದುಬೈಯ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದರಂತೆ. ಮುಂದಿನ ವಾರ ಅಲ್ಲಿ ಪಾಠ ಮಾಡಿ ತೋರಿಸಬೇಕು, ಇದನ್ನೇ ಮಾಡುತ್ತೇನೆ ಎಂದರು. “ಖರೇ ಹೇಳ್ರಿ ಅಂಕಲ್, ನಾ ಎಲ್ಲಿ ತಪ್ಪಿದೆ?”

“ಎಸಿ ಗಾಳಿ ಮೇಡಂ,” ಎಂದೆ. “ಅಲ್ಲಿ ಮೊದ್ಲು ಎಸಿ ಆಫ್ ಮಾಡ್ಸಿ.”

ನಂಬಿ, ತಲೆಯಾಡಿಸಿ ಹೋದರು. ಅವರ ನಂಬರ್ ನನ್ನ ಫೋನಿನಲ್ಲಿತ್ತು. ವಾರವಿಡೀ ಕರೆ ಮಾಡಲಿಲ್ಲ. ಆ ಪಾಠ ಮುಗಿದುಹೋಗಲಿ, ಇನ್ನು ಹೇಳಿಯೂ ಉಪಯೋಗವಿಲ್ಲ ಎಂಬಂತಾಗಲಿ ಎಂದು ಕಾದೆ.