ತಾತನ ಹೊನ್ನಾರು

ತಾತನ ಕೈಯಿಂದ ಹೊನ್ನಾರು ತಪ್ಪಿಹೋದದ್ದು ನನ್ನ ಬಾಯಿಯಿಂದ. ಊರಿನವರು ತಪ್ಪನ್ನು ಟ್ರ್ಯಾಕ್ಟರಿನ ಮೇಲೆ ಹಾಕುತ್ತಾರೆ, ಅಪ್ಪ ಕಾಲದ ಮೇಲೆ, ಅಜ್ಜಿ ತಾತನ ಮಂಡಿನೋವಿನ ಮೇಲೆ. ನನ್ನನ್ನು ಉಳಿಸಲು ಹಾಗೆನ್ನುತ್ತಾರೆ ಅಂದುಕೊಳ್ಳಬೇಡಿ. ನನ್ನಂಥವನ ಕೈಲಿ ಒಂದು ಕೆಲಸ ಆಗುತ್ತದೆಂಬ ನಂಬಿಕೆಯೇ ಅವರಿಗಿಲ್ಲ, ಕೆಡಿಸುವ ಕೆಲಸ ಕೂಡ.

ಹೊನ್ನಾರು ಅಂದರೆ ಯುಗಾದಿಯ ಮೊದಲ ಉಳುಮೆ. ಬೇರೆ ಊರುಗಳಲ್ಲಿ ಪಂಚಾಂಗ ನೋಡಿ, ಯಾರ ಹೆಸರಿಗೆ ಬಲ ಬರುತ್ತದೋ ಅವರ ಎತ್ತಿನ ಜೋಡಿಯನ್ನು ಮುಂದೆ ಬಿಡುತ್ತಾರೆ. ನಮ್ಮೂರಲ್ಲಿ ಯಾರೂ ಪಂಚಾಂಗ ಕೇಳಿದ್ದಿಲ್ಲ. ಮುಂದೆ ಹೋಗುವ ಜೋಡಿ ನಮ್ಮ ಮನೆಯದು, ಅಷ್ಟೆ. ಯಾಕೆಂದರೆ ಮಲ್ಲಿಪಟ್ಟಣದ ಆಚೆಗಿರುವ ಈ ಊರು ಮೊದಲು ಊರೇ ಆಗಿರಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗುತ್ತದೆಂದು ಗೊತ್ತಾದಾಗ, ಸರ್ಕಾರ ತೋರಿಸಿದ ಈ ಲಾಂಟಾನ ಪೊದೆಕಾಡಿಗೆ ಎಲ್ಲರಿಗಿಂತ ಮುಂಚೆ ಬಂದವನು ತಾತ. ಜೊತೆಗೆ ಹೊಸದಾಗಿ ಮದುವೆಯಾಗಿದ್ದ ಅಜ್ಜಿ, ಒಂದು ಜೊತೆ ಎತ್ತು, ಒಂದು ಮಚ್ಚು. ಉಳಿದವರು ನೀರು ಹೊಸ್ತಿಲಿಗೆ ಬರುವವರೆಗೆ ಕಾದು ಆಮೇಲೆ ಬಂದರು. ಅವರ ಮೊದಲ ಬಿತ್ತನೆಗೆ ರಾಗಿ ಹೋದದ್ದು ನಮ್ಮ ಕಣದಿಂದ. ಅಜ್ಜಿಯ ಚೊಚ್ಚಲ ಮಗು ಇಲ್ಲೇ ಜ್ವರ ಬಂದು ತೀರಿಕೊಂಡಿತು. ಆಗ ಇಲ್ಲಿ ಸ್ಮಶಾನ ಅಂತ ಒಂದು ಇರಲಿಲ್ಲ. ಮಗುವನ್ನು ಇಟ್ಟ ಜಾಗವೇ ಮುಂದೆ ಊರಿಗೆ ಸ್ಮಶಾನವಾಯಿತು. ಅಲ್ಲೂ ನಾವೇ ಮೊದಲು.

ಇಷ್ಟನ್ನೂ ತಾತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಮೊದಲು ಕೆಮ್ಮಿ ಗಂಟಲು ಕೆರೆಯುವನು, ಎಡಗೈ ಸೊಂಟಕ್ಕೆ ಹೋಗುವುದು, ಆಮೇಲೆ: "ನಾವ್ ಬಂದಾಗ ಇಲ್ಲಿ ಏನಿತ್ಲಾ? ಲಾಂಟಾನ, ನರಿ, ನಾನು."

ಒಳಗಿನಿಂದ ಅಜ್ಜಿ, "ನಾನೇನ್ ಆಕಾಸ್ದಿಂದ ಉದುರುದ್ನಾ?" ಎನ್ನುವಳು.

ನನಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗಬೇಕು? ನಾನು ಹೊಟ್ಟೆ ಹೊರೆಯುವುದೇ ದನಿ ಮಾರಿಕೊಂಡು. ಕೊಣನೂರು ಸಂತೆಯಲ್ಲಿ ಈರುಳ್ಳಿ ಆಟೋದ ಮೈಕಿನೊಳಗೆ ಅರಚುವವನು ನಾನೇ. ಊರಿನ ಟೀ ಅಂಗಡಿಯಲ್ಲಿ ಮಾತ್ರ ಬಿಟ್ಟಿ ಸೇವೆ. ಬಸ್ಸಿನ ಕಂಡಕ್ಟರು, ಆಲೂಗಡ್ಡೆ ದಲ್ಲಾಳಿ, ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ನೆತ್ತಿಗೇರಿಸಿಕೊಂಡ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಆದರೆ ಜನಕ್ಕೆ ಬೇಕಾದವನು ತಾತ. "ತಾತುಂದೊಂದು ಬುಡ್ಲಾ," ಅಂದರೆ ಸಾಕು: ಕೆಮ್ಮು, ಸೊಂಟ, ಲಾಂಟಾನ. ಬರಬರುತ್ತಾ ನರಿಯ ಜಾಗದಲ್ಲಿ ಒಂದು ಊಳು ಸೇರಿಸಿದೆ. ನಗು ಇಮ್ಮಡಿಯಾಯಿತು. ಕೊನೆಗೆ ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿತು.

ಈ ಸಲ ಯುಗಾದಿ ಹತ್ತಿರ ಬಂದಾಗ ಹೊನ್ನಾರಿನ ಮಾತಾಡಲು ಎಲ್ಲರೂ ಹಾಲಿನ ಡೈರಿಯ ಮುಂದೆ ಸೇರುವುದೆಂದಾಯಿತು. ಎತ್ತು ಉಳಿದಿರುವುದು ನಮ್ಮ ಮನೆಯಲ್ಲಿ ಮಾತ್ರ, ಅವೂ ತಾತನಂತೆಯೇ ಕುಂಟುತ್ತವೆ. ಆ ಬೆಳಗ್ಗೆ ನೊಗದ ಹಗ್ಗ ಬಿಗಿಯುತ್ತಾ ತಾತ ನನ್ನನ್ನು ಕೇಳಿದ: "ಮುಂದ್ಲ ಸಾಲು ನಂದಲ್ಲ ಅಂದ್ರೆ ಈ ಊರ್ಗೆ ನಾನ್ ಯಾರ್ಲಾ?" ನಾನು ಎಂದಿನಂತೆ ಏನೋ ತಮಾಷೆ ಮಾಡಿದೆ. ಏನೆಂದು ಈಗ ನೆನಪಿಲ್ಲ.

ಡೈರಿಯ ಮುಂದೆ, ಟ್ರ್ಯಾಕ್ಟರ್ ಇಟ್ಟಿರುವ ಶುಂಠಿ ಬೆಳೆಗಾರ ಮರ್ಯಾದೆಯಿಂದಲೇ ಮಾತು ತೆಗೆದ. "ಎಲ್ಲಾರೂ ಉಳಾದು ಟ್ರ್ಯಾಕ್ಟರ್ನಲ್ಲೇ. ಒನ್ನಾರೂ ಅದ್ರಲ್ಲೇ ಆಗ್ಲಿ, ಮುಂದ್ಕೆ ನಂದು ಬುಡ್ತೀನಿ. ತಾತುಂಗೆ ಶಾಲು ಒದ್ಸಿ ಪಕ್ಕದಲ್ಲೇ ಕೂರುಸ್ಕತೀನಿ."

ತಾತ ಎದ್ದ. ಗಂಟಲು ಕೆರೆದ. ಎಡಗೈ ಸೊಂಟಕ್ಕೆ ಹೋಯಿತು. ಅಷ್ಟಕ್ಕೇ ಯಾರೋ ಕಿಸಕ್ಕೆಂದರು. "ನಾವ್ ಬಂದಾಗ ಇಲ್ಲಿ ಏನಿತ್..." ಅನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ನರಿಯ ಊಳು ಎದ್ದಿತು. ಇಡೀ ಅಂಗಳ ನಕ್ಕಿತು. ತಾತ ನಗು ನಿಲ್ಲಲೆಂದು ಕಾದ. ಮತ್ತೆ ಗಂಟಲು ಕೆರೆದ. ಮತ್ತೆ ನಗು. ಅವನ ಹತ್ತಿರ ಬೇರೆ ಮಾತು ಇರಲಿಲ್ಲ. ಇದ್ದ ಒಂದನ್ನು ನಾನು ಟೀ ಅಂಗಡಿಯಲ್ಲಿ ಖರ್ಚು ಮಾಡಿಬಿಟ್ಟಿದ್ದೆ.

ನಾನು ಎದ್ದು ನಿಂತು, "ನಗ್ಬ್ಯಾಡ್ರೋ, ಅದು ದಿಟ ಕಣ್ರೋ!" ಎಂದೆ. ಅದು ಯಾರದೋ ಅನುಕರಣೆ ಅಂದುಕೊಂಡು ಇನ್ನಷ್ಟು ನಕ್ಕರು.

ಶುಂಠಿಯವನು ಕಣ್ಣೊರೆಸಿಕೊಂಡ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ತಾತ, ನೀನು ತೇಟು ನಿನ್ ಮೊಮ್ಮಗನ್ ತರಾನೇ ಮಾತಾಡ್ತೀಯಲ್ಲ!" ಎಂದ.

ತಾತ ಸೊಂಟದ ಮೇಲಿನ ಕೈ ಇಳಿಸಿದ. ನನ್ನ ಕಡೆ ನೋಡಲೇ ಇಲ್ಲ.

"ಊಂ ಕಣಪ್ಪ. ಅವ್ನು ನನ್ ಬಾಯಿ ಕಲ್ತ, ನೇಗ್ಲು ಇಡಿಯಾದ್ ಕಲೀನಿಲ್ಲ. ಒನ್ನಾರು ನೀನೇ ಕಟ್ಕೋ, ಓಗು."